ಸೆರಗಿನ ಅಂಚಿನಲ್ಲೊಂದು ಪ್ರವಾಸ

ನೇಕಾರನ ಕೆಲಸ ಮುಗಿದ ಮಾತ್ರಕ್ಕೆ ಸೀರೆ ಮುಗಿಯುವುದಿಲ್ಲ. ಮಗ್ಗದಿಂದ ಕತ್ತರಿಸಿ ಇಳಿಸಿದ ಬಟ್ಟೆಯ ಕೊನೆಯಲ್ಲಿ ಹೊಕ್ಕಿನ ನೂಲು ನಿಂತುಹೋಗಿ, ಹಾಸಿನ ಎಳೆಗಳು ಮಾತ್ರ ನಾಲ್ಕಾರು ಅಂಗುಲದುದ್ದ ಇಳಿಬಿದ್ದಿರುತ್ತವೆ. ಅಡ್ಡಲಾಗಿ ಬಂದು ಅವನ್ನು ಬಿಗಿಹಿಡಿಯುವ ನೂಲಿಲ್ಲವಾದುದರಿಂದ, ಯಾರಾದರೊಬ್ಬರು ಅವುಗಳನ್ನು ವಿಂಗಡಿಸಿ, ಹೊಸೆದು, ಗಂಟಿಕ್ಕಿ ನಿಲ್ಲಿಸದಿದ್ದರೆ, ಉಟ್ಟು ಒಗೆದಂತೆಲ್ಲ ಕೊನೆಯ ಹೊಕ್ಕಿನ ಎಳೆ ಜಾರಿ, ಅದರ ಹಿಂದಿನದು ಜಾರಿ, ನೇಯ್ದವನ ಶ್ರಮವು ತುದಿಯಿಂದ ಒಳಮುಖವಾಗಿ ಕ್ಷಯಿಸುತ್ತ ಬರುವುದು. ಈ ಕ್ಷಯಕ್ಕೆ ಹಾಕಿದ ತಡೆಯೇ ಕುಚ್ಚು. ನಾವು ಅಲಂಕಾರವೆಂದು ಮೆಚ್ಚಿ ಕೈಯಲ್ಲಿ ಹಿಡಿದು ನೋಡುವ ವಸ್ತುವು ಮೂಲದಲ್ಲಿ ರಕ್ಷೆಯಾಗಿದ್ದಿತು. ರಕ್ಷಿಸುವ ಗಂಟನ್ನೇ ಇನ್ನಷ್ಟು ಅಂದವಾಗಿ ಹಾಕಬಾರದೇಕೆ ಎಂದು ಯಾವಳೋ ಒಬ್ಬಳು ಯೋಚಿಸಿದಂದು ಅದು ಕಲೆಯಾಯಿತು. ಧರ್ಮಕಾರ್ಯಗಳಿಗೆ ವಿಹಿತವಾದ ಅಹತ ವಸ್ತ್ರದ ಲಕ್ಷಣವನ್ನು ಹೇಳುವಾಗ ನಮ್ಮ ಪ್ರಾಚೀನರು ಅದು ಹೊಸದಾಗಿರಬೇಕು, ಬಿಳುಪಾಗಿರಬೇಕು ಎಂಬುದರ ಜೊತೆಗೆ ತುದಿಯ ಎಳೆಗಳಿಂದ ಕೂಡಿರಬೇಕೆಂಬುದನ್ನೂ ಸೇರಿಸಿದರು. ತುದಿಯ ಎಳೆಗಳಿರುವ ಬಟ್ಟೆ ಇಡಿಯಾದ ಬಟ್ಟೆ. ಅವಿಲ್ಲದ್ದು ಎಲ್ಲಿಂದಲೋ ಹರಿದು ತಂದ ತುಂಡೂ ಆಗಿರಬಹುದು. ಮದುವೆಯಲ್ಲಿ ವರನ ಶಲ್ಯಕ್ಕೆ ಗಂಟುಬೀಳುವುದು ವಧುವಿನ ಸೆರಗಿನ ಈ ತುದಿಯೇ. ಸಂತೆಗೆ ಹೋದ ತಾಯಿ ಚಿಲ್ಲರೆ ಕಾಸನ್ನು ಕಟ್ಟಿಕೊಳ್ಳುವುದೂ ಇಲ್ಲಿಯೇ.

ಅತ್ತಿಗೆಯ ಮಗಳ ಮದುವೆ ನಿಶ್ಚಯವಾಗಿ, ಮೈಸೂರಿನಲ್ಲಿ ರೇಷ್ಮೆಯ ಸೀರೆಗಳನ್ನು ಕೊಂಡದ್ದಾಯಿತು. ಅಂಗಡಿಯವರೇ ಫಾಲ್ ಹಾಕಿಸಿ, ಕುಚ್ಚು ಕಟ್ಟಿಸಿ ಕೊಡುತ್ತೇವೆಂದರೂ ಅತ್ತಿಗೆ ಒಪ್ಪಲಿಲ್ಲ. ಅವರ ತವರು ನಾಗಮಂಗಲದ ಕಡೆಯದು. ತಮ್ಮ ಸೀಮೆಯ ಹೆಂಗಸರ ಕೈಯಲ್ಲಿಯೇ ಕೆಲಸವಾಗಬೇಕು, ಕೆಲಸ ಮಾಡುವವರನ್ನು ತಾವು ಕಣ್ಣಾರೆ ಕಂಡಿರಬೇಕು ಎಂಬುದು ಅವರ ಹಟ. ಹಾಗಾಗಿ ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೃಷ್ಣರಾಜಪೇಟೆ, ಕೊನೆಗೆ ನಾಗಮಂಗಲ ಎಂದು ದಾರಿ ಗೊತ್ತುಮಾಡಿಕೊಂಡು, ಸಂಕ್ರಾಂತಿ ಕಳೆದ ಮೇಲಿನ ಹಿತವಾದ ಬಿಸಿಲಿನಲ್ಲಿ, ಸೀರೆಯ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ನಾವಿಬ್ಬರೂ ಹೊರಟೆವು.

ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಮಿನಲ್ಲಿ, ಒಂದು ಸಣ್ಣ ಮನೆಯ ಜಗಲಿಯ ಮೇಲೆ, ಬೆಳಕಿಗೆ ಮುಖಮಾಡಿ ಕುಳಿತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡೊಡನೆ ಚಾಪೆ ಹಾಸಿ, "ಬನ್ನಿ ಅಕ್ಕ, ಕೂತ್ಕಳಿ, ಈ ಸಾಲೊಂದ್ ಮುಗಿಸ್ಬುಡ್ತೀನಿ" ಎಂದಳು. ಆ ಸಾಲು ಮುಗಿಯುವುದನ್ನು ನೋಡುವ ಭಾಗ್ಯ ನಮ್ಮದಾಯಿತು. ಅವಳ ಮಡಿಲಲ್ಲಿ ಯಾರದೋ ಕಡುನೇರಳೆ ಬಣ್ಣದ ಸೀರೆ. ತುದಿಯನ್ನು ಮಡಚಿ ಹೊಲಿದು, ಆ ಮಡಿಕೆಯುದ್ದಕ್ಕೂ ಅರ್ಧ ಅಂಗುಲಕ್ಕೊಂದರಂತೆ ಸೀಸದ ಕಡ್ಡಿಯಿಂದ ಗುರುತು ಮಾಡಿಕೊಂಡಿದ್ದಳು. ಸುಮಾರು 45 ಅಂಗುಲ ಅಗಲದ ಸೆರಗಿಗೆ ಅಂಥ ಗುರುತುಗಳು ತೊಂಬತ್ತರ ಆಸುಪಾಸು. "ಮೊದ್ಲೇ ಲೆಕ್ಕ ಹಾಕ್ಕಳ್ದಿದ್ರೆ ಕೊನೇಲಿ ಅರ್ಧ ಹೂವು ಉಳ್ಕತದೆ. ಅರ್ಧ ಹೂವ ಯಾರ್ ಒಪ್ತಾರೆ?" ಎಂಬುದು ಅವಳು ಹೇಳಿಕೊಟ್ಟ ಮೊದಲನೆಯ ಪಾಠ.

ಆಯುಧವೆಂದರೆ ತುದಿಯಲ್ಲಿ ಕೊಕ್ಕೆಯಿರುವ ಬೆರಳುದ್ದದ ಒಂದು ಕಡ್ಡಿ, ಅಷ್ಟೆ. ಆ ಕೊಕ್ಕೆ ಬಟ್ಟೆಯ ಮಡಿಕೆಯನ್ನು ಚುಚ್ಚಿ ಹಿಂದಿನಿಂದ ದಾರವನ್ನು ಸೆಳೆದು ಮುಂದಕ್ಕೆ ತರುತ್ತದೆ. ಅಲ್ಲೊಂದು ಕುಣಿಕೆ ಹುಟ್ಟುತ್ತದೆ. ಆ ಕುಣಿಕೆಯ ಒಳಗಿನಿಂದ ದಾರವನ್ನು ಮತ್ತೆ ಸೆಳೆದರೆ ಇನ್ನೊಂದು ಕುಣಿಕೆ, ಅದರೊಳಗಿನಿಂದ ಮಗುದೊಂದು. ಹೀಗೆ ಒಂದರ ಬಸಿರಿನಿಂದ ಇನ್ನೊಂದು ಹೊರಟು ಚೈನ್ ಬೆಳೆಯುತ್ತದೆ. ಮೊದಲ ಸಾಲು ಬಟ್ಟೆಯನ್ನು ಬಿಗಿದುಕೊಂಡು ಅಡಿಪಾಯವಾಗುತ್ತದೆ. ಎರಡನೆಯ ಸಾಲಿನಲ್ಲಿ ಐದೋ ಏಳೋ ಕುಣಿಕೆಗಳ ಚೈನನ್ನು ಮುಂದಿನ ಗುರುತಿಗೆ ಸಿಕ್ಕಿಸಿದಾಗ ಪುಟ್ಟ ಕಮಾನೊಂದು ಎದ್ದುನಿಲ್ಲುತ್ತದೆ. ಮೂರನೆಯ ಸಾಲಿನಲ್ಲಿ ಆ ಕಮಾನಿನ ನೆತ್ತಿಗೆ ಮಣಿ ಕೂರುತ್ತದೆ, ಹೊಟ್ಟೆ ತುಂಬಿಕೊಂಡು ದಳಗಳು ಬಿರಿಯುತ್ತವೆ. ಅನಂತರ ರಟ್ಟಿನ ಮೇಲೆ ಸುತ್ತಿ ಕತ್ತರಿಸಿದ ರೇಷ್ಮೆದಾರದ ಕಟ್ಟನ್ನು ಕಮಾನಿನೊಳಕ್ಕೆ ಹಾಯಿಸಿ, ಇಬ್ಬಗೆಯಾಗಿ ಮಡಚಿ, ಕೊರಳಿಗೆ ಜರಿಯ ಎಳೆಯನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಸಮನಾಗಿ ಕತ್ತರಿಸಿದರೆ ಒಂದು ಕುಚ್ಚು. ಇಂಥದನ್ನು ಒಂದೇ ಉದ್ದಕ್ಕೆ, ಒಂದೇ ದಪ್ಪಕ್ಕೆ, ಒಂದೇ ಬಿಗಿಗೆ ತೊಂಬತ್ತು ಬಾರಿ ಮಾಡಬೇಕು. ಬಿಗಿ ಹೆಚ್ಚಾದರೆ ಸೆರಗಿನ ತುದಿ ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ಕಮಾನು ಜೋತುಬೀಳುತ್ತದೆ; ನಡುವಿನ ಆ ಹದವನ್ನು ಅಳೆಯುವ ಉಪಕರಣ ಬೇರೆಯಿಲ್ಲ, ದಾರವನ್ನು ಸುತ್ತಿಕೊಂಡಿರುವ ಎಡಗೈಯ ತೋರುಬೆರಳೇ ಅಳತೆ.

ನಾನು ನೋಡುತ್ತಿದ್ದಂತೆಯೇ ಒಳಗಿನಿಂದ ಕುಕ್ಕರು ಕೂಗಿತು. ಅವಳು ಕೊಕ್ಕೆಯ ಮೇಲಿದ್ದ ಕುಣಿಕೆಯನ್ನು ಒಂದು ಪಿನ್ನಿಗೆ ವರ್ಗಾಯಿಸಿ ಎದ್ದುಹೋದಳು. ಒಲೆ ಆರಿಸಿ, ಶಾಲೆಯಿಂದ ಬಂದ ಮಗುವಿಗೆ ತಟ್ಟೆ ಇಟ್ಟು, ಮರಳಿ ಬಂದು ಪಿನ್ನನ್ನು ತೆಗೆದು ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಈ ವಿದ್ಯೆಯ ರಹಸ್ಯ ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ಕೊಕ್ಕೆಯಿಂದ ಹೆಣೆಯುವ ಈ ಕ್ರೋಷಾದ ಕೆಲಸ ಎಷ್ಟೇ ಅಗಲವಾಗಿರಲಿ, ಎಷ್ಟೇ ಜಟಿಲವಾಗಿರಲಿ, ಒಂದು ಹೆಣಿಗೆ ಮುಗಿದು ಮುಂದಿನದು ತೊಡಗುವ ನಡುವೆ ಜೀವಂತವಾಗಿರುವುದು ಒಂದೇ ಒಂದು ಕುಣಿಕೆ. ಆ ಒಂದನ್ನು ಕಾಪಾಡಿದರೆ ಉಳಿದುದೆಲ್ಲ ತಾನಾಗಿ ಉಳಿಯುತ್ತದೆ, ಅದನ್ನು ಬಿಟ್ಟು ದಾರವನ್ನೆಳೆದರೆ ಸಾಲು ಸಾಲೇ ಬಿಚ್ಚಿಹೋಗುತ್ತದೆ. ಮಗ್ಗವನ್ನು ಹೀಗೆ ಕ್ಷಣಕ್ಕೊಮ್ಮೆ ಬಿಟ್ಟೇಳಲಾಗದು. ಎರಕವನ್ನಂತೂ ನಡುವೆ ನಿಲ್ಲಿಸಲೇ ಆಗದು. ನೂರು ಕಡೆಯಿಂದ ಕರೆ ಬರುವ ಗೃಹಿಣಿಯ ದಿನದೊಳಗೆ, ಹರಿದು ಹಂಚಿಹೋದ ವೇಳೆಯ ಚೂರುಗಳೊಳಗೆ ನೆಲೆನಿಲ್ಲಬಲ್ಲ ಕಲೆ ಇದು. ಇದರ ವರವೂ ಅದೇ, ಶಾಪವೂ ಅದೇ ಎಂಬುದು ಮುಂದಿನ ಊರುಗಳಲ್ಲಿ ನನಗೆ ಹೆಚ್ಚುಹೆಚ್ಚಾಗಿ ಮನದಟ್ಟಾಗುತ್ತ ಹೋಯಿತು.

ಅಲ್ಲಿಂದ ಗುಂಬಜಿಗೆ ಹೋದೆವು. ಹೈದರಾಲಿ 1782ರಲ್ಲಿ ಗತಿಸಿದ ಬಳಿಕ ಟಿಪ್ಪು ತಂದೆಗಾಗಿ ಕಟ್ಟಿಸಿದ ಈ ಸಮಾಧಿಯ ಸುತ್ತ ನಿಂತ 36 ಕರಿಗಲ್ಲಿನ ಕಂಬಗಳನ್ನು, ದಂತದ ಕೆತ್ತನೆ ಕೂರಿಸಿದ ಬಾಗಿಲುಗಳನ್ನು ಎಲ್ಲರೂ ನೋಡುತ್ತಾರೆ. ನನ್ನ ದೃಷ್ಟಿ ಅಂದು ಕಲ್ಲಿನ ಜಾಲಂಧ್ರಗಳಲ್ಲಿ ನಟ್ಟಿತು. ಕಲ್ಲುಕುಟಿಗನು ಅಲ್ಲಿ ಕೆತ್ತಿದ್ದು ಕಲ್ಲನ್ನಲ್ಲ, ಕಲ್ಲಿನ ನಡುವಣ ಬಯಲನ್ನು. ಜಾಲರಿಯ ಕಲೆಯೂ ಇಂಥದೇ: ಅದರಲ್ಲಿ ದಾರವು ಸ್ವಲ್ಪ, ಆಕಾಶವು ಬಹಳ, ದಾರವು ಆಕಾಶಕ್ಕೆ ಎಲ್ಲೆಕಟ್ಟು ಹಾಕುವಷ್ಟು ಕೆಲಸವನ್ನು ಮಾತ್ರ ಮಾಡುತ್ತದೆ. ಹದಿನಾರನೆಯ ಶತಮಾನದಲ್ಲಿ ವೆನಿಸ್ಸಿನ ಸ್ತ್ರೀಯರು ಸೂಜಿಯಿಂದಲೂ ಫ್ಲಾಂಡರ್ಸಿನವರು ದಾರ ಸುತ್ತಿದ ಗೂಟಗಳಿಂದಲೂ ಲೇಸ್ ಹೆಣೆದರು. ಅವರ ಕೆಲಸ ಯೂರೋಪಿನ ಅರಸರನ್ನು ಎಷ್ಟು ಮರುಳುಗೊಳಿಸಿತೆಂದರೆ, ದೇಶದ ಹಣವೆಲ್ಲ ಇಟಲಿಗೆ ಹರಿದುಹೋಗುತ್ತಿದೆಯೆಂದು ಕಳವಳಗೊಂಡ ಫ್ರಾನ್ಸಿನ ಮಂತ್ರಿ ಕೋಲ್ಬೇರ್ 1665ರಲ್ಲಿ ರಾಜಾಶ್ರಯದ ಲೇಸ್ ಕಾರ್ಯಾಗಾರಗಳನ್ನೇ ತೆರೆಯಿಸಿದನು. ಕೊಕ್ಕೆಯ ಕೆಲಸ ಪ್ರಸಿದ್ಧಿಗೆ ಬಂದದ್ದು ಅದಕ್ಕಿಂತ ಬಡವರ ಮನೆಗಳಲ್ಲಿ: 1845ರಿಂದ ಐರ್ಲೆಂಡನ್ನು ಕಾಡಿದ ಆಲೂಗಡ್ಡೆಯ ಕ್ಷಾಮದಲ್ಲಿ ಎಷ್ಟೋ ಕುಟುಂಬಗಳು ಹೆಣ್ಣುಮಕ್ಕಳು ಹೆಣೆದ ಕ್ರೋಷಾದ ಅಂಚುಗಳನ್ನು ಮಾರಿ ಜೀವ ಹಿಡಿದುಕೊಂಡವು. ನಮ್ಮ ದಕ್ಷಿಣಕ್ಕೆ ಈ ವಿದ್ಯೆಗಳು ಬಂದದ್ದು ಬಹುಮಟ್ಟಿಗೆ ಮಿಷನರಿಗಳೊಡನೆ. 1819ರಲ್ಲಿ ನಾಗರಕೋವಿಲಿಗೆ ಬಂದ ಮಾರ್ಥಾ ಮಾಲ್ಟ್ ಅಲ್ಲಿಯ ಬಡ ಹುಡುಗಿಯರಿಗೆ ಲೇಸ್ ಕಲಿಸಿದಳು. ಗೋದಾವರಿಯ ಮುಖಜ ಭೂಮಿಯ ನರಸಾಪುರದಲ್ಲಿ ಕ್ರೋಷಾ ಬೇರೂರಿತು. ಆದರೆ ಸೆರಗಿನ ಕುಚ್ಚು ಅನ್ಯರು ತಂದುಕೊಟ್ಟದ್ದಲ್ಲ. ಟಿಪ್ಪುವಿನ ಕಾಲಕ್ಕೆ ಮೈಸೂರು ಸೀಮೆಗೆ ರೇಷ್ಮೆಹುಳು ಬಂದಿತು, 1912ರಲ್ಲಿ ನಾಲ್ವಡಿಯವರ ರೇಷ್ಮೆ ಕಾರ್ಖಾನೆ ಬಂದಿತು, ಎಲ್ಲಿಂದಲೋ ಕೊಕ್ಕೆಯ ಕಡ್ಡಿಯೂ ಬಂದಿತು. ಇವೆಲ್ಲ ಬಂದು ಸೇರಿಕೊಂಡದ್ದು ಮೊದಲೇ ಇಲ್ಲಿದ್ದ ಒಂದು ಗಂಟಿಗೆ.

ಪಾಂಡವಪುರದ ಹಾದಿಯಲ್ಲಿ ಕಬ್ಬಿನ ಗಾಡಿಗಳು, ಟ್ರಾಕ್ಟರುಗಳು ನಮ್ಮ ಬಸ್ಸನ್ನು ಮುಂದೆ ಬಿಡಲೊಲ್ಲದೆ ಸಾಗಿದವು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳು ಎರಡೂ ಕಡೆಗೆ ಹಸುರಾಗಿದ್ದವು. ಪೇಟೆಯ ಬೀದಿಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಅತ್ತಿಗೆ ದಾರವನ್ನು ಆರಿಸತೊಡಗಿದರು. ಸೀರೆಯ ಒಡಲಿನ ಬಣ್ಣವೊಂದು, ಅಂಚಿನ ಬಣ್ಣವೊಂದು. ಕುಚ್ಚು ಇವೆರಡರಲ್ಲಿ ಯಾವುದರ ಪಕ್ಷವನ್ನು ವಹಿಸಬೇಕೆಂಬುದು ಲಘುವಾದ ಪ್ರಶ್ನೆಯಲ್ಲ. ಸೀರೆಯ ತುದಿಯನ್ನು ಬೀದಿಯ ಬಿಸಿಲಿಗೆ ಒಯ್ದು, ಹತ್ತಾರು ದಾರದ ರೀಲುಗಳನ್ನು ಅದರ ಮೇಲಿಟ್ಟು ನೋಡಿ, ಅವರು ಕೊನೆಗೆ ಎರಡು ಬಣ್ಣಗಳನ್ನು ಕೂಡಿಸುವುದೆಂದು ತೀರ್ಮಾನಿಸಿದರು. ಅದೇ ಅಂಗಡಿಯ ಗೋಡೆಯ ತುಂಬ ಯಂತ್ರದ ಲೇಸಿನ ಉರುಳೆಗಳು ತೂಗುತ್ತಿದ್ದವು, ಗಜಕ್ಕೆ ಇಷ್ಟೆಂದು ಕತ್ತರಿಸಿ ಕೊಡುವಂಥವು. ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಇಂಗ್ಲೆಂಡಿನ ಜಾನ್ ಹೀತ್‌ಕೋಟನು ಲೇಸ್ ಹೆಣೆಯುವ ಯಂತ್ರವನ್ನು ಕಂಡುಹಿಡಿದಾಗ, ಲಫ್‌ಬರೋ ಊರಿನ ಅವನ ಕಾರ್ಖಾನೆಗೆ 1816ರಲ್ಲಿ ನುಗ್ಗಿದ ಜನ ಯಂತ್ರಗಳನ್ನು ಒಡೆದುಹಾಕಿದರಂತೆ. ನನಗೆ ಆ ಉರುಳೆಗಳ ಮೇಲೆ ದ್ವೇಷ ಹುಟ್ಟಲಿಲ್ಲ. ಮಗಳ ಲಂಗದ ಕೆಳಗೆ ಒಂದಿಷ್ಟು ಬಿಳಿಯ ಅಂಚು ಇರಲೆಂದು ಆಸೆಪಡುವ ಕೂಲಿಯ ತಾಯಿಗೆ ಅವೇ ಗತಿ, ಆ ಆಸೆ ಕಿರಿದಲ್ಲ. ಆದರೆ ಯಂತ್ರವು ನೇಯ್ಗೆಯನ್ನು, ಹೆಣಿಗೆಯನ್ನು, ಕಸೂತಿಯನ್ನು ಒಂದೊಂದಾಗಿ ಗೆದ್ದಮೇಲೂ ಕ್ರೋಷಾವನ್ನು ಯಥಾವತ್ತಾಗಿ ಗೆಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಉರುಳೆಯ ಮೇಲಿರುವುದು ಅದರ ನೋಟದ ಅನುಕರಣೆ. ಕೊಕ್ಕೆಯ ನಿಜವಾದ ಗಂಟು ಇಂದಿಗೂ ಕೈಯಿಂದಲೇ ಬೀಳಬೇಕು.

ಮೇಲುಕೋಟೆ ಪಾಂಡವಪುರದ ತಾಲ್ಲೂಕಿಗೇ ಸೇರಿದ್ದು. ಇಷ್ಟು ಹತ್ತಿರ ಬಂದು ಚೆಲುವನಾರಾಯಣನನ್ನು ಕಾಣದೆ ಹೋಗುವುದಕ್ಕೆ ಅತ್ತಿಗೆ ಸಮ್ಮತಿಸುವವರಲ್ಲ. ದರ್ಶನವಾದ ಮೇಲೆ, ಸುರೇಂದ್ರ ಕೌಲಗಿಯವರು 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟಿನ ಕೈಮಗ್ಗದ ಬಟ್ಟೆಗಳನ್ನು ನೋಡಿದೆವು. ಒಂದು ವಸ್ತ್ರದ ತುದಿಯಲ್ಲಿ ಹಾಸಿನ ಎಳೆಗಳನ್ನು ಬೇರೆ ದಾರದ ಸಹಾಯವಿಲ್ಲದೆ, ಮಣಿಯಿಲ್ಲದೆ, ಬರಿದೆ ಹೊಸೆದು ಗಂಟಿಕ್ಕಿ ಬಿಟ್ಟಿದ್ದರು. ಗಂಜಾಮಿನ ಮೂರು ಸಾಲಿನ ವೈಭವಕ್ಕಿಂತ ಇದು ನನಗೆ ಒಂದು ಹಿಡಿ ಹೆಚ್ಚಾಗಿಯೇ ಹಿಡಿಸಿತು. ಬಟ್ಟೆಯು ತನ್ನದೇ ನೂಲಿನಿಂದ ತನ್ನನ್ನು ಮುಗಿಸಿಕೊಂಡ ರೀತಿ ಅದು. ಈಚೆಗೆ ಮಣಿಯ ಮೇಲೆ ಮಣಿ, ಹರಳಿನ ಮೇಲೆ ಹರಳು ಸೇರಿಸಿ ಸೆರಗನ್ನು ಭುಜದಿಂದ ಜಗ್ಗುವಷ್ಟು ಭಾರಮಾಡುವ ಚಾಳಿ ಹೆಚ್ಚಿದೆ. ಅಂಚು ಒಡಲನ್ನು ಆಳತೊಡಗಿದಾಗ ಅಂದಗೆಡುವುದು ಎರಡೂ.

ಅಂಚಿನ ಪ್ರಮಾಣವೆಂದರೇನೆಂಬುದನ್ನು ಬಲ್ಲವರು ಕೃಷ್ಣರಾಜಪೇಟೆಯ ಮಗ್ಗುಲ ಹೊಸಹೊಳಲಿನಲ್ಲಿದ್ದರು. ಹದಿಮೂರನೆಯ ಶತಮಾನದ ನಡುವಿನಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲಕ್ಕೆ ಎದ್ದ ಅಲ್ಲಿಯ ಲಕ್ಷ್ಮೀನಾರಾಯಣ ದೇಗುಲದ ಅಧಿಷ್ಠಾನವನ್ನು ಆರು ಪಟ್ಟಿಕೆಗಳು ಬಳಸಿಕೊಂಡಿವೆ: ಕೆಳಗೆ ಆನೆಗಳು, ಮೇಲೆ ಕುದುರೆಯ ಸವಾರರು, ಅದರ ಮೇಲೆ ಲತೆ, ಆಮೇಲೆ ಪುರಾಣದ ಕಥೆಗಳು, ಮಕರಗಳು, ಹಂಸಗಳು. ಯಾತ್ರಿಕರು ಕಥೆಯ ಪಟ್ಟಿಕೆಯ ಬಳಿ ನಿಂತು ರಾಮನನ್ನೂ ಭೀಮನನ್ನೂ ಗುರುತಿಸಿ ಹಿಗ್ಗುತ್ತಾರೆ. ಲತೆಯ ಪಟ್ಟಿಕೆಯ ಬಳಿ ನಿಲ್ಲುವವರು ವಿರಳ. ಅತ್ತಿಗೆ ನಿಂತರು. ಬಳ್ಳಿಯೊಂದು ಸುರುಳಿ ಸುತ್ತಿ ಒಳಕ್ಕೆ ಹೋಗಿ, ಎಲೆಯೊಡೆದು, ಹೊರಬಂದು ಮುಂದಿನ ಸುರುಳಿಗೆ ತೊಡಗುವುದನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತ, ಗೋಡೆಯ ಕೋನದಿಂದ ಕೋನಕ್ಕೆ ನಡೆದು, "ನೋಡಮ್ಮ, ಮೂಲೆ ತಿರುಗುವಲ್ಲಿಯೂ ಅರ್ಧ ಸುರುಳಿ ಉಳಿಸಿಲ್ಲ" ಎಂದರು. ಗಂಜಾಮಿನ ಹೆಂಗಸು ಸೀಸದ ಕಡ್ಡಿಯಿಂದ ಇಟ್ಟುಕೊಂಡ ಲೆಕ್ಕವನ್ನೇ ಬಳಪದ ಕಲ್ಲಿನ ಆ ಶಿಲ್ಪಿಯೂ ಇಟ್ಟುಕೊಂಡಿದ್ದಿರಬೇಕು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಂತೆ ಗಡಸಾಗುವ ಆ ಕಲ್ಲು, ದಾರದ ಸೂಕ್ಷ್ಮತೆಗೆ ಒಪ್ಪಿಕೊಂಡು ಸುಮಾರು ಏಳುನೂರೆಪ್ಪತ್ತು ವರ್ಷಗಳ ಕಾಲ ಅದನ್ನು ಬಿಡದೆ ಇಟ್ಟುಕೊಂಡಿದೆ.

ಕಿಕ್ಕೇರಿಯ ಕಡೆಗೆ ಮುಂದುವರಿದು ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನೂ ನೋಡಿದೆವು. ಐದು ಗರ್ಭಗುಡಿಗಳು ಸಾಲಾಗಿ ನಿಂತಿರುವ ಆ ದೇಗುಲದ ಕೆಲಸದೊಡನೆ ರೂವಾರಿ ಮಲ್ಲಿತಮ್ಮನ ಹೆಸರು ಸೇರಿಕೊಂಡಿದೆ. ಅದೇ ಶತಮಾನದ ಸೋಮನಾಥಪುರದ ದೇಗುಲದಲ್ಲಿ ತಾನು ಕಡೆದ ಪ್ರತಿಮೆಗಳ ಅಡಿಯಲ್ಲಿ ಹೆಸರನ್ನು ಕೊರೆದಿಟ್ಟವನೂ ಅವನೇ. ಕಲ್ಲಿನಲ್ಲಿ ಬಳ್ಳಿಯನ್ನು ಬಿಡಿಸಿದವನ ಹೆಸರನ್ನು ಇಂದಿಗೂ ಓದಬಹುದು; ದಾರದಲ್ಲಿ ಬಳ್ಳಿಯನ್ನು ಬಿಡಿಸಿದವಳ ಹೆಸರು ಒಂದು ತಲೆಮಾರಿನಾಚೆಗೆ ದಾಟಿದ್ದಿಲ್ಲ. ಕಿಕ್ಕೇರಿಯಲ್ಲಿ, ಗೃಹಜೀವನದ ಒಲುಮೆಯನ್ನೇ ಕಾವ್ಯವಾಗಿಸಿದ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಆ ಊರಿನಲ್ಲಿ, ಅತ್ತಿಗೆಗೆ ದೂರದ ಸಂಬಂಧಿಯಾದ ಅಜ್ಜಿಯೊಬ್ಬರು ತಮ್ಮ ಟ್ರಂಕನ್ನು ತೆರೆದು ತೋರಿಸಿದರು. ಬಾಗಿಲಿಗೆ ಕಟ್ಟುವ ಕ್ರೋಷಾದ ತೋರಣ, ದಿಂಬಿನ ಚೀಲದ ಅಂಚು, ಮಗುವಿನ ಕುಲಾವಿ, ಹಾಲಿನ ಪಾತ್ರೆಗೆ ಮುಚ್ಚುವ, ಗಾಳಿಗೆ ಹಾರದಂತೆ ಸುತ್ತಲೂ ಮಣಿಯ ಭಾರ ಹಾಕಿದ ಜಾಲರಿ: ಒಂದೊಂದನ್ನೂ ಅವರ ಅತ್ತೆಯೋ ನಾದಿನಿಯೋ ಹೆಣೆದದ್ದು. "ಇದು ಯಾರದು ಅಜ್ಜಿ?" ಎಂದು ಕೇಳಿದರೆ ಅವರು ಹೆಣಿಗೆಯ ಬಿಗಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ಅತ್ತೇದು, ಅವರ ಕೈ ಬಿಗಿ. ಇದು ನನ್ನ ನಾದಿನೀದು, ಅವಳು ಸಡಿಲ ಬಿಡ್ತಿದ್ಲು" ಎಂದು ಒಡನೆಯೇ ಹೇಳಿಬಿಡುತ್ತಿದ್ದರು. ಮಲ್ಲಿತಮ್ಮನದಕ್ಕಿಂತ ಸೂಕ್ಷ್ಮವಾದ ಅಂಕಿತಗಳಿವು. ಓದಬಲ್ಲ ಬೆರಳುಗಳು ಮಾತ್ರ ಆ ಮನೆಯಲ್ಲಿ ಇನ್ನು ಅವರವೇ.

ನಾಗಮಂಗಲವನ್ನು ಸೇರಿದಾಗ ಸಂಜೆಯಾಗಿತ್ತು. ಸೌಮ್ಯಕೇಶವನ ಗುಡಿಯನ್ನು ಮರುದಿನ ಬೆಳಗ್ಗೆ ನೋಡಿದೆವು. ಲೋಹದ ವಿಗ್ರಹಗಳಿಗೆ ಹೆಸರಾದ ಊರು ಇದು. ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಯಬಿಟ್ಟು, ಆ ತೆರವಿಗೆ ಕಾದ ಲೋಹವನ್ನು ಎರೆಯುವ ಕುಶಲಿಗಳ ಮನೆಗಳು ಇಲ್ಲಿವೆ. ದೇವರ ಹಿಂದೆ ನಿಲ್ಲುವ ಪ್ರಭಾವಳಿಯೊಂದು ಅಲ್ಲಿ ಉಜ್ಜಿಗೆ ಕಾದು ಕುಳಿತಿತ್ತು. ಮೂರ್ತಿಯು ಲೋಕದೊಡನೆ ಸೇರುವ ಎಲ್ಲೆಯಲ್ಲಿ ಜ್ವಾಲೆಯನ್ನೂ ಬಳ್ಳಿಯನ್ನೂ ಹೆಣೆದಿದ್ದ ಅದರ ಬೆಲೆಯನ್ನು ಕೇಳಿದೆವು. ಯಜಮಾನರು ಲೋಹದ ತೂಕವನ್ನು ಬೇರೆ, ಕೈಗೆಲಸದ ಕೂಲಿಯನ್ನು ಬೇರೆ ಹೇಳಿದರು. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಲ್ಲಿಂದ ಎರಡು ಬೀದಿಯಾಚೆ, ಅತ್ತಿಗೆ ಕೆಲಸವನ್ನು ಒಪ್ಪಿಸಬೇಕೆಂದಿದ್ದ ತಾಯಿಯ ಮನೆಯಲ್ಲಿ ಲೆಕ್ಕ ಬೇರೆಯಾಗಿತ್ತು. ಸಾದಾ ಕುಚ್ಚಿಗೆ 200 ರೂಪಾಯಿ, ಮೂರು ಸಾಲಿನ ಕ್ರೋಷಾಕ್ಕೆ 700 ಎಂದಳು. ಪೇಟೆಯ ಅಂಗಡಿಯೊಂದರಿಂದ ಬರುವ ಸೀರೆಗಳಾದರೆ ಇನ್ನೂ ಕಡಿಮೆ, ದಾರವೂ ಇವಳದೇ. ಜರ್ಮನಿಯ ವಿದುಷಿ ಮಾರಿಯಾ ಮೀಸ್ ನರಸಾಪುರದ ಲೇಸ್ ಹೆಣೆಯುವ ಸ್ತ್ರೀಯರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದ್ದು ನನಗೆ ಅಲ್ಲಿ ನೆನಪಾಯಿತು: ಲೋಕದ ಪೇಟೆಗೆ ಸರಕನ್ನು ಒದಗಿಸುತ್ತಿದ್ದ ಆ ಹೆಂಗಸರನ್ನು ಮನೆಯಲ್ಲಿ ಕುಳಿತ ಗೃಹಿಣಿಯರೆಂದೂ, ಅವರ ದುಡಿಮೆಯನ್ನು ಬಿಡುವಿನ ಹವ್ಯಾಸವೆಂದೂ ಎಣಿಸಿದ್ದರಿಂದಲೇ ಅವರಿಗೆ ಅಷ್ಟು ಅಲ್ಪವಾದ ಕೂಲಿ ಸಲ್ಲುತ್ತಿತ್ತು. ಒಂದೇ ಕುಣಿಕೆಯ ಮೇಲೆ ನಿಲ್ಲುವ ಈ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಎಲ್ಲಿಂದ ಬೇಕಾದರೂ ತೊಡಗಬಹುದಾದ್ದರಿಂದ, ಅದಕ್ಕೆ ತಗಲುವ ಕಾಲವು ಯಾರ ಕಣ್ಣಿಗೂ, ಮಾಡುವವಳ ಕಣ್ಣಿಗೂ, ಒಟ್ಟಾಗಿ ಬೀಳುವುದಿಲ್ಲ. ಚೂರುಚೂರಾದ ಕಾಲವನ್ನು ಲೋಕವು ಕಾಲವೆಂದೇ ಗಣಿಸುವುದಿಲ್ಲ. ಇದು ಅನ್ಯಾಯವೆಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮಲ್ಲಿತಮ್ಮನ ಗುಂಗಿನಲ್ಲಿಯೇ ಇದ್ದ ಅತ್ತಿಗೆ, "ನೀವು ಸೆರಗಿನ ಒಳಮಡಿಕೆಯಲ್ಲಿ ನಿಮ್ಮ ಹೆಸರನ್ನೂ ಒಂದು ಎಳೆಯಲ್ಲಿ ಹೊಲಿದುಬಿಡಿ, ನಾಳೆ ನನ್ನ ಮೊಮ್ಮಗಳು ಉಟ್ಟಾಗ ಯಾರು ಮಾಡಿದ್ದೆಂದು ತಿಳಿಯಲಿ" ಎಂದರು. ಆ ತಾಯಿ ನಕ್ಕು, "ಹೆಸ್ರು ಯಾಕ್ ಬುಡಿ ಅಮ್ಮ, ಕೂಲಿ ಸರ್ಯಾಗ್ ಕೊಡಿ, ನಾನೇ ಗೆಪ್ತಿ ಇಟ್ಕತೀನಿ ನಿಮ್ನ" ಎಂದಳು.

"ಹಾಗಾದರೆ ಗಂಟೆ ಎಷ್ಟಾಗುತ್ತದೆ, ಹೇಳಿ" ಎಂದು ಅತ್ತಿಗೆ ಚಾಪೆಯ ಮೇಲೆ ಸರಿಯಾಗಿ ಕುಳಿತುಕೊಂಡರು.

ಅವಳು ಅದನ್ನು ಎಂದೂ ಕೂಡಿ ನೋಡಿರಲಿಲ್ಲ. ಡೈರಿಗೆ ಹಾಲು ಹಾಕಿ ಬಂದ ಮೇಲಿನ ಒಂದು ಗಂಟೆ, ಮಧ್ಯಾಹ್ನ ಎಲ್ಲರೂ ಉಂಡ ಮೇಲಿನ ಎರಡು, ರಾತ್ರಿ ಟಿ.ವಿ.ಯ ಮುಂದೆ ಕುಳಿತಾಗಿನ ಎರಡು, ಹೀಗೆ ಮೂರು ದಿನ, ನಾಲ್ಕನೆಯ ದಿನ ಕುಚ್ಚು ಕಟ್ಟಿ ಕತ್ತರಿಸುವುದಕ್ಕೆ ಇನ್ನೊಂದು ನಾಲ್ಕು ಗಂಟೆ ಎಂದು ಬೆರಳು ಮಡಚುತ್ತ ಹೋದವಳು, ಎರಡು ಕೈಗಳ ಬೆರಳೂ ಸಾಲದಾದಾಗ ಮಗನ ನೋಟ್‌ಬುಕ್ಕನ್ನು ತರಿಸಿಕೊಂಡಳು. ಹತ್ತೊಂಬತ್ತು ಗಂಟೆಯಾಯಿತು. ಕಬ್ಬಿನ ಗದ್ದೆಯ ಕೂಲಿಗೆ ಹೋದರೆ ಅಷ್ಟು ಹೊತ್ತಿಗೆ ಎಷ್ಟು ಸಿಗುತ್ತದೆಂಬುದನ್ನೂ ಅದೇ ಹಾಳೆಯ ಮಗ್ಗುಲಲ್ಲಿ ಬರೆದಳು. ಒಂದು ಗಳಿಗೆ ಆ ಎರಡು ಅಂಕಿಗಳನ್ನು ದಿಟ್ಟಿಸಿ ನೋಡಿದಳು. ಬಳಿಕ ತಲೆಯೆತ್ತಿ, ಮೊದಲು ಹೇಳಿದ್ದರ ಎರಡರಷ್ಟಕ್ಕಿಂತ ಮೇಲಿನ ಮೊತ್ತವೊಂದನ್ನು ತೊದಲದೆ ಹೇಳಿದಳು. ಅತ್ತಿಗೆ ಚೌಕಾಸಿ ಮಾಡಲಿಲ್ಲ. ಚೀಲದಿಂದ ಅರ್ಧ ಹಣವನ್ನು ಮುಂಗಡವಾಗಿ ತೆಗೆದಿಟ್ಟು, ಧಾರೆಯ ಸೀರೆಯ ಮೇಲೆ ಪಾಂಡವಪುರದ ಎರಡು ಬಣ್ಣದ ದಾರಗಳನ್ನೂ ಇಟ್ಟರು. ಅವಳು ದಾರವನ್ನು ಬೆಳಕಿಗೆ ಹಿಡಿದು ನೋಡಿ, ಇದು ಸಾಲದು, ಇನ್ನೆರಡು ರೀಲು ಬೇಕಾಗುತ್ತದೆಂದೂ, ರವಕೆಯ ತೋಳಿಗೂ ಅದೇ ಅಂಚು ಬೇಕಿದ್ದರೆ ಅದರ ಗಂಟೆಯ ಲೆಕ್ಕ ಬೇರೆಯೆಂದೂ ಹೇಳಿದಳು.